ಒಂದು ಮಡಿಕೆ ಸಾಕು: ಸಮದ್ವಿಬಾಹು ಮತ್ತು ಸಮಬಾಹು ತ್ರಿಭುಜಗಳನ್ನು ಕಲಿಯುವ, ಬಳಸುವ ಬಗೆ

ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ತೆಗೆದುಕೊಂಡು, ಅದರ ಕೆಳ ಅಂಚಿನ ಎಡಭಾಗ ಬಲಭಾಗದ ಮೇಲೆ ಸರಿಯಾಗಿ ಕೂರುವಂತೆ ಮಡಚಿ, ಮಡಿಕೆಯ ಮೇಲಿನ ಯಾವುದಾದರೂ ಬಿಂದುವಿನಿಂದ ಕೆಳ ಅಂಚಿನವರೆಗೆ ಓರೆಯಾಗಿ, ಒಂದೇ ನೇರ ಗೆರೆಯಲ್ಲಿ ಕತ್ತರಿಸಿ. ಬಿಚ್ಚಿದಾಗ ಕೈಗೆ ಬರುವುದು ಸಮದ್ವಿಬಾಹು ತ್ರಿಭುಜ. ಅದರ ಎರಡು ಓರೆ ಬಾಹುಗಳು ಕತ್ತರಿಯ ಒಂದೇ ಓಟದಲ್ಲಿ ಹುಟ್ಟಿದವಾದ್ದರಿಂದ ಅವು ಸಮವೆಂದು ತಿಳಿಯಲು ಅಳತೆಪಟ್ಟಿ ಬೇಕಾಗಿಲ್ಲ. ಶಿರಸಿಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಈ ಪಾಠವನ್ನು ಹಲಗೆಯಿಂದ ಆರಂಭಿಸುವುದನ್ನು ಬಿಟ್ಟು ಕತ್ತರಿಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ: ಪಠ್ಯದಲ್ಲಿ ಬೇರೆ ಬೇರೆ ಪ್ರಮೇಯಗಳಾಗಿ ಬರುವ ಹೆಚ್ಚಿನ ಸಂಗತಿಗಳು ಆ ಒಂದು ಮಡಿಕೆಯಲ್ಲೇ ಅಡಗಿವೆ.

ಪಠ್ಯಪುಸ್ತಕದಲ್ಲಿ ಶೃಂಗಗಳಿಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಲ್ಲಿ ಮೇಲಿನ ಶೃಂಗವನ್ನು ಅ ಎಂದೂ, ಪಾದದ ಎರಡು ತುದಿಗಳನ್ನು ಬ ಮತ್ತು ಕ ಎಂದೂ, ಮಡಿಕೆ ಪಾದವನ್ನು ಮುಟ್ಟುವ ಬಿಂದುವನ್ನು ಡ ಎಂದೂ ಕರೆಯೋಣ. ಅಬ ಮತ್ತು ಅಕ ಸಮ ಬಾಹುಗಳು, ಬಕ ಪಾದ. ಈಗ ಅಡ ಎಂಬ ಮಡಿಕೆಯನ್ನು ನೋಡಿ. ಮಡಚಿದಾಗ ಬ ಶೃಂಗವು ಕ ಶೃಂಗದ ಮೇಲೆ ಕೂತಿತ್ತಾದ್ದರಿಂದ ಡ ಪಾದದ ಮಧ್ಯಬಿಂದು. ಹಾಗಾಗಿ ಅಡ ಮಧ್ಯರೇಖೆ. ಮೇಲಿನ ಕೋನದ ಎರಡು ಹೋಳುಗಳು ಒಂದರ ಮೇಲೊಂದು ಕೂತಿದ್ದವಾದ್ದರಿಂದ ಅದು ಶೃಂಗಕೋನದ ಕೋನಾರ್ಧಕ. ಡ ಬಳಿಯ ಎರಡು ಕೋನಗಳು ಸಮವಾಗಿದ್ದು, ಎರಡೂ ಸೇರಿ 180° ಆಗುವುದರಿಂದ ಒಂದೊಂದೂ 90°. ಆದ್ದರಿಂದ ಅದೇ ಗೆರೆ ತ್ರಿಭುಜದ ಎತ್ತರವೂ ಹೌದು, ಪಾದದ ಲಂಬಾರ್ಧಕವೂ ಹೌದು. ಸಾಮಾನ್ಯ ತ್ರಿಭುಜವೊಂದರಲ್ಲಿ ಒಂದೇ ಶೃಂಗದಿಂದ ಮಧ್ಯರೇಖೆ, ಕೋನಾರ್ಧಕ ಮತ್ತು ಎತ್ತರಗಳನ್ನು ಎಳೆದರೆ ಮೂರು ಬೇರೆ ಬೇರೆ ಗೆರೆಗಳು ಬರುತ್ತವೆ, ಪಾದದ ಲಂಬಾರ್ಧಕವಂತೂ ಆ ಶೃಂಗವನ್ನು ಮುಟ್ಟುವುದೇ ಇಲ್ಲ. ಸಮದ್ವಿಬಾಹು ತ್ರಿಭುಜದಲ್ಲಿ ನಾಲ್ಕೂ ಕೆಲಸವನ್ನು ಒಂದೇ ಗೆರೆ ಮಾಡುತ್ತದೆ. ಬ ಕೋನ ಕ ಕೋನದ ಮೇಲೆ ಕೂರುವುದರಿಂದ ಪಾದಕೋನಗಳು ಸಮ ಎಂಬ ಮುಖ್ಯ ಪ್ರಮೇಯವೂ ಅಲ್ಲೇ ಸಿಕ್ಕಿತು.

ಮಡಿಕೆಯಿಂದ ಸಾಧನೆಗೆ

ಕಾಗದ ನಂಬಿಕೆ ಹುಟ್ಟಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಕೇಳುವುದು ಸಾಧನೆ. ಇಲ್ಲಿ ಮಕ್ಕಳು ಮಾಡುವ ತಪ್ಪು ಹೆಚ್ಚು ಕಡಿಮೆ ಒಂದೇ: ರಚನೆ ಎಂಬ ತಲೆಬರಹದ ಕೆಳಗೆ ‘ಅಡ ಗೆರೆಯನ್ನು ಪಾದಕ್ಕೆ ಲಂಬವಾಗಿಯೂ ಅದನ್ನು ಅರ್ಧಿಸುವಂತೆಯೂ ಎಳೆಯಿರಿ’ ಎಂದು ಬರೆದುಬಿಡುತ್ತಾರೆ. ಗೆರೆ ಎಳೆಯುವವನಿಗೆ ಒಂದು ಷರತ್ತನ್ನು ಪಾಲಿಸುವ ಸ್ವಾತಂತ್ರ್ಯ ಮಾತ್ರ ಇದೆ; ಎರಡನೆಯ ಗುಣ ತಾನಾಗಿ ಬರುತ್ತದೆ ಎಂಬುದನ್ನೇ ಅಲ್ಲವೇ ಸಾಧಿಸಬೇಕಾಗಿರುವುದು? ಆದ್ದರಿಂದ ಒಂದೇ ಪಾತ್ರವನ್ನು ಆರಿಸಿಕೊಳ್ಳಬೇಕು. ನನ್ನ ಸಲಹೆ ಕೋನಾರ್ಧಕ. ಅಡ ಶೃಂಗಕೋನವನ್ನು ಅರ್ಧಿಸಲಿ. ಆಗ ಅಬಡ ಮತ್ತು ಅಕಡ ತ್ರಿಭುಜಗಳಲ್ಲಿ ಅಬ = ಅಕ ಎಂಬುದು ದತ್ತ, ನಡುವಿನ ಕೋನಗಳು ರಚನೆಯಿಂದ ಸಮ, ಅಡ ಎರಡಕ್ಕೂ ಸಾಮಾನ್ಯ ಬಾಹು; ಬಾಹು-ಕೋನ-ಬಾಹು ನಿಯಮದಂತೆ ಎರಡೂ ಸರ್ವಸಮ (ಒಂದರ ಮೇಲೊಂದು ಸರಿಯಾಗಿ ಕೂರುವಂಥವು), ಆದ್ದರಿಂದ ಬ ಕೋನ ಕ ಕೋನಕ್ಕೆ ಸಮ.

ಮಧ್ಯರೇಖೆಯಾಗಿ ಎಳೆದು ಬಾಹು-ಬಾಹು-ಬಾಹು ನಿಯಮ ಬಳಸಿದರೂ, ಎತ್ತರವಾಗಿ ಎಳೆದು ಲಂಬಕೋನ-ವಿಕರ್ಣ-ಬಾಹು ನಿಯಮ ಬಳಸಿದರೂ ಉತ್ತರ ಬರುತ್ತದೆಯಲ್ಲ, ಕೋನಾರ್ಧಕವೇ ಏಕೆ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಉತ್ತರವನ್ನು ತಿಳಿದಿರುವುದು ಒಳ್ಳೆಯದು. ಆ ಎರಡು ಸರ್ವಸಮತಾ ನಿಯಮಗಳನ್ನು ಸಾಧಿಸುವಾಗ ‘ಸಮ ಬಾಹುಗಳ ಎದುರಿನ ಕೋನಗಳು ಸಮ’ ಎಂಬ ಈ ಪ್ರಮೇಯವನ್ನೇ ಸಾಮಾನ್ಯವಾಗಿ ಬಳಸಲಾಗುತ್ತದೆ. ಅವುಗಳಿಂದ ಇದನ್ನು, ಇದರಿಂದ ಅವುಗಳನ್ನು ಸಾಧಿಸಹೊರಟರೆ ದೇವಸ್ಥಾನದ ಪ್ರದಕ್ಷಿಣೆಯಂತೆ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಬಾಹು-ಕೋನ-ಬಾಹು ನಿಯಮಕ್ಕೆ ಆ ತೊಡಕಿಲ್ಲ.

ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನು ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ 5ನೆಯ ಪ್ರತಿಜ್ಞೆಯಾಗಿ (ಸಾಧಿಸಿ ತೋರಿಸುವ ಹೇಳಿಕೆಯಾಗಿ) ಇದನ್ನು ಸಾಧಿಸಿದ್ದಾನೆ. ಅಲ್ಲಿ ಸಮ ಬಾಹುಗಳನ್ನು ಕೆಳಕ್ಕೆ ಬೆಳೆಸಿ, ಎರಡು ಜೋಡಿ ತ್ರಿಭುಜಗಳನ್ನು ಹೋಲಿಸುವ ಉದ್ದನೆಯ ದಾರಿಯಿದೆ. ಯುರೋಪಿನ ವಿದ್ಯಾರ್ಥಿಗಳು ಅದಕ್ಕೆ ‘ಕತ್ತೆಗಳ ಸೇತುವೆ’ ಎಂದು ಅಡ್ಡಹೆಸರಿಟ್ಟಿದ್ದರು. ಅಲೆಕ್ಸಾಂಡ್ರಿಯಾದ ಪಪ್ಪಸ್ ಕ್ರಿ.ಶ. 4ನೆಯ ಶತಮಾನದಲ್ಲಿ ಇದನ್ನು ಎರಡೇ ಸಾಲಿನಲ್ಲಿ ಮುಗಿಸಿದ. ಅಬಕ ತ್ರಿಭುಜವನ್ನು ಅದರದೇ ಮಗುಚಿದ ರೂಪವಾದ ಅಕಬ ತ್ರಿಭುಜದೊಂದಿಗೆ ಹೋಲಿಸಿ: ಅಬ = ಅಕ, ಅಕ = ಅಬ, ನಡುವಿನ ಕೋನ ಒಂದೇ. ಆದ್ದರಿಂದ ಎರಡೂ ಸರ್ವಸಮ, ಬ ಕೋನ ಕ ಕೋನಕ್ಕೆ ಸಮ. ಯಾವ ಗೆರೆಯನ್ನೂ ಎಳೆಯಲಿಲ್ಲ. ನಮ್ಮ ಕ್ಯಾಲೆಂಡರ್ ಹಾಳೆಯ ತ್ರಿಭುಜವನ್ನು ಮಗುಚಿ ಅದೇ ಜಾಗದಲ್ಲಿಟ್ಟರೆ ಪಪ್ಪಸನ ಸಾಧನೆ ಕಣ್ಣಿಗೇ ಕಾಣುತ್ತದೆ.

ಇದರ ವಿಲೋಮ, ಅಂದರೆ ಎರಡು ಕೋನಗಳು ಸಮವಾಗಿದ್ದರೆ ಅವುಗಳ ಎದುರಿನ ಬಾಹುಗಳು ಸಮ ಎಂಬುದು ಬೇರೆಯೇ ಪ್ರಮೇಯ; ಯೂಕ್ಲಿಡನಲ್ಲಿ ಅದು 6ನೆಯದು. ಲೆಕ್ಕದಲ್ಲಿ ಬಾಹುಗಳು ಸಮವೆಂದು ಕೊಟ್ಟು ಕೋನ ಕೇಳಿದರೆ ಮೊದಲಿನದನ್ನು, ಕೋನಗಳು ಸಮವೆಂದು ಕೊಟ್ಟು ಉದ್ದ ಕೇಳಿದರೆ ವಿಲೋಮವನ್ನು ಕಾರಣವಾಗಿ ಬರೆಯಬೇಕು.

ಮಡಿಕೆಯ ನಾಲ್ಕು ಪಾತ್ರಗಳನ್ನೂ ಹೀಗೆಯೇ ತಿರುಗಿಸಿ ಕೇಳಬಹುದು. ಒಂದು ತ್ರಿಭುಜದಲ್ಲಿ ಶೃಂಗದಿಂದ ಎಳೆದ ಒಂದೇ ಗೆರೆ ಎರಡು ಪಾತ್ರಗಳನ್ನು ವಹಿಸುತ್ತಿದ್ದರೆ ಅದು ಸಮದ್ವಿಬಾಹುವೇ? ಹೌದು. ಎತ್ತರವೂ ಮಧ್ಯರೇಖೆಯೂ ಒಂದೇ ಆದರೆ, ಇಲ್ಲವೇ ಎತ್ತರವೂ ಕೋನಾರ್ಧಕವೂ ಒಂದೇ ಆದರೆ ಸಾಧನೆ ಸುಲಭ. ಮಧ್ಯರೇಖೆಯೂ ಕೋನಾರ್ಧಕವೂ ಒಂದೇ ಎಂದು ಕೊಟ್ಟಾಗ ಮಾತ್ರ ಎರಡು ಹೋಳುಗಳ ನಡುವೆ ಸಿಗುವ ಸಮತೆಗಳು ಯಾವ ನಿಯಮಕ್ಕೂ ಹೊಂದದೆ ಕೈಕೊಡುತ್ತವೆ. ಆಗ ಅಡ ಗೆರೆಯನ್ನು ಅಷ್ಟೇ ಉದ್ದ ಮುಂದಕ್ಕೆ ಬೆಳೆಸಿ, ತುದಿಗೆ ಇ ಎಂದು ಹೆಸರಿಟ್ಟು, ಇಕ ಸೇರಿಸಬೇಕು. ಅಬಡ ಮತ್ತು ಇಕಡ ತ್ರಿಭುಜಗಳು ಬಾಹು-ಕೋನ-ಬಾಹು ನಿಯಮದಂತೆ ಸರ್ವಸಮವಾಗುವುದರಿಂದ ಇಕ = ಅಬ; ಜೊತೆಗೆ ಇ ಬಳಿಯ ಕೋನವು ಬಅಡ ಕೋನಕ್ಕೆ, ಅಂದರೆ ಕಅಡ ಕೋನಕ್ಕೆ ಸಮ. ಈಗ ಅಕಇ ತ್ರಿಭುಜದಲ್ಲಿ ಎರಡು ಕೋನಗಳು ಸಮವಾದ್ದರಿಂದ ವಿಲೋಮ ಪ್ರಮೇಯದಂತೆ ಅಕ = ಇಕ. ಹಾಗಾದರೆ ಅಕ = ಅಬ. ಈ ‘ಮಧ್ಯರೇಖೆಯನ್ನು ಇಮ್ಮಡಿಸುವ’ ಉಪಾಯವನ್ನು ಒಮ್ಮೆ ಕೈಯಾರೆ ಬರೆದು ನೋಡಿದವರಿಗೆ ಮುಂದೆ ಹಲವು ಕಡೆ ಅದು ಉಪಯೋಗಕ್ಕೆ ಬರುತ್ತದೆ.

ಪಾದದ ತುದಿಗಳಿಂದ ಎದುರು ಬಾಹುಗಳಿಗೆ ಎಳೆದ ಎರಡು ಎತ್ತರಗಳು ಸಮವಾಗಿದ್ದರೂ, ಎರಡು ಮಧ್ಯರೇಖೆಗಳು ಸಮವಾಗಿದ್ದರೂ ತ್ರಿಭುಜ ಸಮದ್ವಿಬಾಹುವೇ. ಎರಡು ಕೋನಾರ್ಧಕಗಳು ಸಮವಾಗಿದ್ದಾಗಲೂ ಹಾಗೆಯೇ, ಆದರೆ ಅದರ ಸಾಧನೆ ಅಷ್ಟು ಬೇಗ ಕೈಗೆ ಬರುವಂಥದಲ್ಲ. 1840ರಲ್ಲಿ ಲೆಹ್ಮಸ್ ಎಂಬವನು ಕೇಳಿದ ಆ ಪ್ರಶ್ನೆಗೆ ಗಣಿತಜ್ಞ ಸ್ಟೈನರ್ ಉತ್ತರ ಕೊಟ್ಟ, ಇಬ್ಬರ ಹೆಸರೂ ಪ್ರಮೇಯಕ್ಕೆ ಅಂಟಿಕೊಂಡಿತು. ರಜೆಯಲ್ಲಿ ಪ್ರಯತ್ನಿಸಲು ಅದು ಒಳ್ಳೆಯ ಲೆಕ್ಕ.

ಕೋನದ ಲೆಕ್ಕಗಳಲ್ಲಿ ಎರಡು ಕಡೆ ಮಾತ್ರ ಎಚ್ಚರ ಬೇಕು. ಸಮದ್ವಿಬಾಹು ತ್ರಿಭುಜದ ಒಂದು ಕೋನ 70° ಎಂದಷ್ಟೇ ಹೇಳಿದ್ದರೆ ಉತ್ತರ ಎರಡು: ಅದು ಪಾದಕೋನವಾದರೆ 70°, 70°, 40°, ಶೃಂಗಕೋನವಾದರೆ 70°, 55°, 55°. ಆದರೆ ಕೊಟ್ಟ ಕೋನ 100° ಆಗಿದ್ದರೆ ಉತ್ತರ ಒಂದೇ, ಏಕೆಂದರೆ ಪಾದಕೋನಗಳು ಯಾವಾಗಲೂ ಲಘುಕೋನಗಳು. ಹಾಗೆಯೇ ಎರಡು ಬಾಹುಗಳು 4 ಸೆಂ.ಮೀ. ಮತ್ತು 9 ಸೆಂ.ಮೀ. ಎಂದಿದ್ದರೆ ಸುತ್ತಳತೆ 22 ಸೆಂ.ಮೀ. ಮಾತ್ರ, 4, 4, 9 ಎಂಬ ತ್ರಿಭುಜವೇ ಇಲ್ಲ, ಏಕೆಂದರೆ ಎರಡು ನಾಲ್ಕುಗಳು ಸೇರಿದರೂ ಒಂಬತ್ತನ್ನು ಮುಟ್ಟುವುದಿಲ್ಲ.

ಕೊಟ್ಟಿಗೆಯ ಮಾಡಿನಲ್ಲಿ, ಬೆಟ್ಟದ ಇಳಿಜಾರಿನಲ್ಲಿ

ನಮ್ಮ ಮನೆಯ ಕೊಟ್ಟಿಗೆಗೆ ಹೆಂಚಿನ ಮಾಡು ಕಟ್ಟಿಸುವಾಗ ಲೆಕ್ಕವನ್ನು ನಾನೇ ಹಾಕಿದ್ದೆ. ಗೋಡೆಯಿಂದ ಗೋಡೆಗೆ 16 ಅಡಿ, ನಡುವಿನ ಎತ್ತರ 6 ಅಡಿ. ಜೋಡಿ ಪಕ್ಕಾಸುಗಳು (ಮಾಡಿನ ಓರೆ ಮರಗಳು) ಸಮವಾದ್ದರಿಂದ ನೆತ್ತಿಯಿಂದ ಇಳಿಬಿಟ್ಟ ಲಂಬ 16 ಅಡಿಯನ್ನು ಎಂಟೆಂಟಾಗಿ ಒಡೆಯುತ್ತದೆ. 8ರ ವರ್ಗ 64, 6ರ ವರ್ಗ 36, ಕೂಡಿದರೆ 100. ಆದ್ದರಿಂದ ಪಕ್ಕಾಸಿನ ಉದ್ದ 10 ಅಡಿ, ಸೂರಿಗೆ ಬೇಕಾದಷ್ಟು ಹೊರಚಾಚು ಬೇರೆ. ಮೊದಲ ಜೋಡಿಯನ್ನು ನಿಲ್ಲಿಸಿ ನೆತ್ತಿಯಿಂದ ತೂಗುಗುಂಡು ಬಿಟ್ಟ ಆಚಾರಿ, ಅಡ್ಡತೊಲೆಯ ಮೇಲೆ ಗುರುತು ಮಾಡಿದ್ದ ನಡುಬಿಂದುವನ್ನೇ ನೋಡುತ್ತ, “ಮಾಸ್ತರ್ರೇ, ಗುಂಡು ನಡುವಿಗೆ ಬೀಳ್ತಾ ಇಲ್ಲ. ಮರ ಸರಿ ಇದೆ, ಗೋಡೆ ನೋಡಿ” ಎಂದ. ನೋಡಿದರೆ ಒಂದು ಗೋಡೆ ಇನ್ನೊಂದಕ್ಕಿಂತ 3 ಅಂಗುಲ ತಗ್ಗಿತ್ತು. ಗಂಜಲ ಹರಿದುಹೋಗಲೆಂದು ನೆಲಕ್ಕೆ ಇಳಿಜಾರು ಕೊಡಿಸಿದ್ದ ನಾನು, ಗೋಡೆಗಳ ಎತ್ತರವನ್ನು ಅದೇ ನೆಲದಿಂದ ಅಳೆದು ಎರಡೂ ಸಮವೆಂದು ಬರೆದುಕೊಟ್ಟಿದ್ದೆ.

ತಪ್ಪು ನನ್ನದೇ, ಆದರೆ ಅದು ಕಲಿಸಿದ ಪಾಠ ಜಾಮಿತಿಯದು. ಪಕ್ಕಾಸುಗಳು ಸಮವಿದ್ದಷ್ಟು ಕಾಲ ನೆತ್ತಿಯಿಂದ ಪಾದದ ನಡುಬಿಂದುವಿಗೆ ಎಳೆದ ಗೆರೆ ಪಾದಕ್ಕೆ ಲಂಬವಾಗಿಯೇ ಇರುತ್ತದೆ. ತೂಗುಗುಂಡಿನ ದಾರವಾದರೋ ಭೂಮಿಗೆ ಲಂಬ. ಪಾದ ಮಟ್ಟವಾಗಿದ್ದರೆ ಮಾತ್ರ ಎರಡೂ ಒಂದೇ ಗೆರೆಯಾಗುತ್ತವೆ. ಪಾದ ಓರೆಯಾದ ಕೂಡಲೇ ದಾರ ನಡುಬಿಂದುವನ್ನು ಬಿಟ್ಟು ತಗ್ಗಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದಕ್ಕೂ ಲೆಕ್ಕವಿದೆ: 16 ಅಡಿಗೆ 3 ಅಂಗುಲ ತಗ್ಗಾದರೆ 6 ಅಡಿಗೆ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಆಚಾರಿಯ ಕಣ್ಣಿಗೆ ಬಿದ್ದದ್ದು ಅಷ್ಟೇ ಅಂತರ.

ಇದೇ ತತ್ತ್ವದಿಂದ ಮಟ್ಟ ನೋಡುವ ಸಾಧನವೊಂದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಸೊಪ್ಪಿನ ಬೆಟ್ಟದ ಇಳಿಜಾರಿನಲ್ಲಿ ಇಂಗುಗುಂಡಿಗಳನ್ನು ಒಂದೇ ಮಟ್ಟದ ಸಾಲಿನಲ್ಲಿ ತೋಡಬೇಕಾದಾಗ ಅದು ಬಹಳ ಉಪಕಾರಿ. ಸುಮಾರು ಏಳಡಿಯ ಎರಡು ಸಮ ಗಳಗಳ ತುದಿಗಳನ್ನು ಸೇರಿಸಿ ಬಿಗಿದು, ಕಾಲುಗಳನ್ನು ಅಗಲಿಸಿ, ನೆತ್ತಿಯಿಂದ ಎರಡೂ ಗಳಗಳ ಮೇಲೆ ಸಮದೂರದಲ್ಲಿ ಒಂದು ಅಡ್ಡಪಟ್ಟಿಯನ್ನು ಕಟ್ಟಿ. ನೆತ್ತಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಿ. ದಾರ ಅಡ್ಡಪಟ್ಟಿಯ ನಡುಬಿಂದುವಿನ ಮೇಲೆ ನಿಂತಾಗ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿವೆ ಎಂದರ್ಥ. ಕಾಡಿನ ಗಳಗಳು ಕರಾರುವಾಕ್ಕಾಗಿ ಸಮವಿರುವುದು ಅಪರೂಪ; ಹಾಗಾಗಿ ಒಮ್ಮೆ ನಿಲ್ಲಿಸಿ ದಾರ ಬಿದ್ದಲ್ಲಿ ಗುರುತು ಹಾಕಿ, ಕಾಲುಗಳ ಜಾಗವನ್ನು ಅದಲುಬದಲು ಮಾಡಿ ಅದೇ ಎರಡು ಬಿಂದುಗಳ ಮೇಲೆ ಮತ್ತೆ ನಿಲ್ಲಿಸಿ ಇನ್ನೊಂದು ಗುರುತು ಹಾಕಬೇಕು. ಎರಡು ಗುರುತುಗಳ ನಡುಬಿಂದುವೇ ನಿಜವಾದ ಮಟ್ಟದ ಗುರುತು. ಆಮೇಲೆ ಒಂದು ಕಾಲನ್ನು ಊರಿ, ದಾರ ಗುರುತಿಗೆ ಬರುವವರೆಗೆ ಇನ್ನೊಂದನ್ನು ಮೇಲೆ ಕೆಳಗೆ ಸರಿಸಿ, ಗೂಟ ಹೊಡೆಯುತ್ತ ಹೋದರಾಯಿತು.

ಕಡಲಿನಲ್ಲಿ ಬಳಸುವುದು ವಿಲೋಮ ಪ್ರಮೇಯವನ್ನು. ಕಾರವಾರದ ಎದುರು ದೇವಗಡ ದ್ವೀಪದ ಮೇಲೆ ದೀಪಸ್ತಂಭವಿದೆ. ದೋಣಿಯೊಂದು ದಿಕ್ಕು ಬದಲಿಸದೆ ನೇರ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ಮ ಎಂಬಲ್ಲಿ ದೋಣಿಯ ಮೂತಿಗೂ ದೀಪಸ್ತಂಭಕ್ಕೂ ನಡುವಿನ ಕೋನ 30° ಇದ್ದುದು, ನ ಎಂಬಲ್ಲಿಗೆ ಬರುವಷ್ಟರಲ್ಲಿ ಸರಿಯಾಗಿ ಇಮ್ಮಡಿಯಾಗಿ 60° ಆಯಿತು. ದೀಪಸ್ತಂಭ ದ ಆದರೆ, 60° ಎಂಬುದು ಮ, ನ, ದ ಶೃಂಗಗಳ ತ್ರಿಭುಜಕ್ಕೆ ನ ಬಳಿಯ ಬಾಹ್ಯಕೋನ. ಅದು ಎದುರಿನ ಎರಡು ಒಳಕೋನಗಳ ಮೊತ್ತಕ್ಕೆ ಸಮ. ಒಂದು ಒಳಕೋನ 30°, ಆದ್ದರಿಂದ ದೀಪಸ್ತಂಭದ ಬಳಿಯ ಕೋನವೂ 30°. ಎರಡು ಕೋನಗಳು ಸಮ, ಎದುರಿನ ಬಾಹುಗಳೂ ಸಮ: ದೋಣಿ ಸಾಗಿದ ದೂರ ಎಷ್ಟೋ, ಈಗ ದೀಪಸ್ತಂಭಕ್ಕಿರುವ ದೂರವೂ ಅಷ್ಟೇ. ಗಂಟೆಗೆ 6 ನಾಟಿಕಲ್ ಮೈಲಿನ ವೇಗದಲ್ಲಿ 40 ನಿಮಿಷ ಸಾಗಿದ್ದರೆ ಆ ದೂರ 4 ನಾಟಿಕಲ್ ಮೈಲು. ಆರಂಭದ ಕೋನ 30° ಆಗಬೇಕೆಂದಿಲ್ಲ, ಇಮ್ಮಡಿಯಾದರೆ ಸಾಕು. 45° ಇದ್ದುದು 90° ಆದಾಗ ಸಾಗಿದ ದೂರವೇ ಅಡ್ಡದೂರ. ಈಗ ತಾಂಡೇಲರ ಕೈಯಲ್ಲಿ ಜಿಪಿಎಸ್ ಇದೆ, ಸೆಳವು ಇದ್ದ ದಿನ ಈ ಲೆಕ್ಕ ತಪ್ಪುವುದೂ ಉಂಟು. ಆದರೂ ಬಾಹ್ಯಕೋನ ಮತ್ತು ಸಮದ್ವಿಬಾಹು ಪ್ರಮೇಯಗಳು ಒಟ್ಟಿಗೆ ದುಡಿಯುವುದನ್ನು ತೋರಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರೂ ಬಾಹುಗಳು ಸಮವಾದಾಗ

ಸಮಬಾಹು ತ್ರಿಭುಜವೂ ಒಂದು ಸಮದ್ವಿಬಾಹು ತ್ರಿಭುಜವೇ. ಯೂಕ್ಲಿಡ್ ‘ಎರಡು ಮಾತ್ರ ಸಮ’ ಎಂದು ವ್ಯಾಖ್ಯಾನಿಸಿ ಇವೆರಡನ್ನೂ ಬೇರ್ಪಡಿಸಿದ್ದ. ಇಂದು ‘ಕನಿಷ್ಠ ಎರಡು ಸಮ’ ಎನ್ನುತ್ತೇವೆ. ಹೊಸ ವ್ಯಾಖ್ಯಾನದ ಲಾಭವೇನೆಂದರೆ, ಮೇಲೆ ಸಾಧಿಸಿದ್ದನ್ನೆಲ್ಲ ಮತ್ತೆ ಸಾಧಿಸಬೇಕಾಗಿಲ್ಲ. ಅಬ = ಅಕ ಆದ್ದರಿಂದ ಬ ಮತ್ತು ಕ ಕೋನಗಳು ಸಮ; ಬಅ = ಬಕ ಆದ್ದರಿಂದ ಅ ಮತ್ತು ಕ ಕೋನಗಳು ಸಮ; ಮೂರೂ ಸೇರಿ 180° ಆದ್ದರಿಂದ ಒಂದೊಂದೂ 60°. ಮಡಿಕೆಗಳು ಒಂದರ ಬದಲು ಮೂರು. ಸಮದ್ವಿಬಾಹು ತ್ರಿಭುಜದ ಯಾವುದಾದರೂ ಒಂದು ಕೋನ 60° ಎಂದು ಗೊತ್ತಾದರೂ ಸಾಕು, ಅದು ಸಮಬಾಹುವೇ.

ಇದನ್ನು ರಚಿಸುವ ಕ್ರಮವನ್ನು ಕೈವಾರದಲ್ಲಿ ಕಲಿಯುವ ಮೊದಲು ಕಾರವಾರದ ಕಡಲತೀರದ ಒದ್ದೆ ಮರಳಿನಲ್ಲಿ ಕಲಿಯುವುದು ಚೆಂದ. ನೀರು ಹಿಂದೆ ಸರಿದ ಹೊತ್ತಿನಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವಿನ ಅಂತರದಷ್ಟೇ ಉದ್ದದ ಹಗ್ಗವನ್ನು ಒಂದು ಗೂಟಕ್ಕೆ ಕಟ್ಟಿ, ಬಿಗಿಯಾಗಿ ಹಿಡಿದು ಸುತ್ತಿ ಮರಳಿನಲ್ಲಿ ಕಂಸ ಎಳೆಯಿರಿ. ಅದೇ ಹಗ್ಗದಿಂದ ಇನ್ನೊಂದು ಗೂಟದ ಸುತ್ತಲೂ ಎಳೆಯಿರಿ. ಎರಡು ಕಂಸಗಳು ಕೂಡುವಲ್ಲಿ ಮೂರನೆಯ ಶೃಂಗ. ಮೂರೂ ಬಾಹುಗಳು ಒಂದೇ ಹಗ್ಗದ ಉದ್ದ. ಯೂಕ್ಲಿಡನ ಗ್ರಂಥದ ಮೊತ್ತಮೊದಲ ಪ್ರತಿಜ್ಞೆ ಇದೇ. ಹಗ್ಗ ಮತ್ತು ಗೂಟಗಳ ಜಾಮಿತಿ ನಮ್ಮಲ್ಲೂ ಹಳೆಯದು; ಗೋಕರ್ಣದಂಥ ವೇದಾಧ್ಯಯನದ ಊರು ಇರುವ ಜಿಲ್ಲೆಯಲ್ಲಿ ಅದನ್ನು ಹೇಳದೆ ಹೋಗಲಾಗದು. ಯಜ್ಞವೇದಿಗಳನ್ನು ಹಗ್ಗದಿಂದ ಅಳೆದು ರಚಿಸುವ ಬಗೆ ಹೇಳುವ ಪ್ರಾಚೀನ ಬೌಧಾಯನ ಶುಲ್ಬಸೂತ್ರದಲ್ಲಿ ಪ್ರಉಗ ಚಿತಿ ಎಂಬ ಸಮದ್ವಿಬಾಹು ಆಕಾರದ ಯಜ್ಞವೇದಿಯ ರಚನೆಯಿದೆ: ಬೇಕಾದ ವಿಸ್ತೀರ್ಣದ ಎರಡರಷ್ಟಿರುವ ಚೌಕವನ್ನು ಹಾಕಿ, ಪೂರ್ವದ ಬಾಹುವಿನ ನಡುಬಿಂದುವನ್ನು ಪಶ್ಚಿಮದ ಎರಡು ಮೂಲೆಗಳಿಗೆ ಸೇರಿಸುವುದು. ತ್ರಿಭುಜದ ವಿಸ್ತೀರ್ಣ ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ಎಂಬ ತಿಳಿವು ಆ ಒಂದು ಸೂಚನೆಯಲ್ಲೇ ಇದೆ.

ಬಾಹು 2 ಇರುವ ಸಮಬಾಹು ತ್ರಿಭುಜವನ್ನು ಮಡಚಿದರೆ ಅರ್ಧಪಾದ 1, ವಿಕರ್ಣ 2, ಎತ್ತರ √3. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಬಾಯಿಪಾಠ ಮಾಡಿಸುವ 30° ಮತ್ತು 60°ಗಳ ಬೆಲೆಗಳೆಲ್ಲ ಈ ಅರ್ಧ ಹಾಳೆಯಿಂದ ಬಂದವು. 45°ಯ ಬೆಲೆಗಳು ಲಂಬಕೋನ ಸಮದ್ವಿಬಾಹು ತ್ರಿಭುಜದಿಂದ ಬಂದವು. ಕೋಷ್ಟಕ ಮರೆತವರು ಉತ್ತರಪತ್ರಿಕೆಯ ಅಂಚಿನಲ್ಲಿ ಈ ಎರಡು ಚಿತ್ರ ಬರೆದುಕೊಳ್ಳಲಿ. ಯಾವುದೇ ಸಮಬಾಹು ತ್ರಿಭುಜದ ಎತ್ತರ ಬಾಹುವಿನ 0.866ರಷ್ಟು, ವಿಸ್ತೀರ್ಣ ಬಾಹುವಿನ ವರ್ಗದ 0.433ರಷ್ಟು ಎಂದು ನೆನಪಿಟ್ಟರೆ ಹೊಲದ ಲೆಕ್ಕಕ್ಕೆ ಸಾಕು. ಪರಿವೃತ್ತ, ಅಂತರ್ವೃತ್ತಗಳ ಕೇಂದ್ರಗಳೂ ಮಧ್ಯರೇಖೆಗಳು ಕೂಡುವ ಬಿಂದುವೂ ಎತ್ತರಗಳು ಕೂಡುವ ಬಿಂದುವೂ ಇಲ್ಲಿ ಒಂದೇ, ಮತ್ತು ಅದು ಪ್ರತಿ ಎತ್ತರವನ್ನು ಶೃಂಗದ ಕಡೆಯಿಂದ 2:1ರಲ್ಲಿ ಒಡೆಯುತ್ತದೆ.

ಇನ್ನೊಂದು ಗುಣ ಮೊದಲ ಬಾರಿಗೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಸಮಬಾಹು ತ್ರಿಭುಜದ ಒಳಗೆ ಎಲ್ಲಿ ಬೇಕಾದರೂ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಮೂರು ಬಾಹುಗಳಿಗಿರುವ ಲಂಬದೂರಗಳನ್ನು ಅಳೆದು ಕೂಡಿದರೆ ಮೊತ್ತ ಯಾವಾಗಲೂ ತ್ರಿಭುಜದ ಎತ್ತರಕ್ಕೆ ಸಮ. ಗೆಲಿಲಿಯೋನ ಶಿಷ್ಯ ವಿವಿಯಾನಿಯ (1622–1703) ಹೆಸರು ಇದಕ್ಕಿದೆ. ಚುಕ್ಕಿಯನ್ನು ಮೂರು ಶೃಂಗಗಳಿಗೆ ಸೇರಿಸಿದರೆ ಸಮ ಪಾದಗಳ ಮೂರು ತ್ರಿಭುಜಗಳಾಗುತ್ತವೆ. ಅವುಗಳ ವಿಸ್ತೀರ್ಣ ಸೇರಿ ಇಡೀ ತ್ರಿಭುಜದ ವಿಸ್ತೀರ್ಣವಾಗುವುದರಿಂದ ಅವುಗಳ ಎತ್ತರಗಳು ಸೇರಿ ಇಡೀ ಎತ್ತರವಾಗಲೇಬೇಕು.

ಕೊನೆಯದಾಗಿ ಕುಮಟಾ, ಹೊನ್ನಾವರ ಕಡೆಯ ತೆಂಗಿನ ತೋಟದ ಲೆಕ್ಕ. ಗಿಡದಿಂದ ಗಿಡಕ್ಕೆ 25 ಅಡಿ ಇರಲೇಬೇಕು ಎಂದಾದಾಗ, ಚೌಕದ ಕ್ರಮದಲ್ಲಿ ಒಂದು ಗಿಡಕ್ಕೆ 625 ಚದರ ಅಡಿ ಬೇಕು. 43,560 ಚದರ ಅಡಿಯ ಒಂದು ಎಕರೆಗೆ ಸುಮಾರು 70 ಗಿಡ. ತ್ರಿಕೋನ ಕ್ರಮದಲ್ಲಿ ಸಾಲುಗಳ ಅಂತರ 25 ಅಡಿಯ ಬದಲು ಸಮಬಾಹು ತ್ರಿಭುಜದ ಎತ್ತರವಾದ 21 ಅಡಿ 8 ಅಂಗುಲಕ್ಕೆ ಇಳಿಯುವುದರಿಂದ ಅದೇ ಎಕರೆಗೆ ಸುಮಾರು 80 ಗಿಡ ಹಿಡಿಯುತ್ತವೆ. ಗುರುತು ಹಾಕಲು ಹಿಗ್ಗದ ಹಗ್ಗವೊಂದಕ್ಕೆ 25 ಅಡಿಗೊಂದರಂತೆ ಗಂಟು ಹಾಕಿ 75 ಅಡಿಯ ಬಳೆ ಮಾಡಿಕೊಳ್ಳಿ. ಎರಡು ಗಂಟುಗಳನ್ನು ಮೊದಲ ಸಾಲಿನ ಪಕ್ಕಪಕ್ಕದ ಗೂಟಗಳಿಗೆ ಸಿಕ್ಕಿಸಿ ಮೂರನೆಯದನ್ನು ಬಿಗಿಯಾಗಿ ಎಳೆದರೆ ಎರಡನೆಯ ಸಾಲಿನ ಗೂಟದ ಜಾಗ ಸಿಗುತ್ತದೆ. ಮೂರು ಸಾಲು ಮುಗಿದ ಮೇಲೆ ನಡುವಿನ ಸಾಲಿನ ಒಂದು ಒಳಗೂಟದ ಬಳಿ ನಿಂತು ಸುತ್ತಲೂ ಅಳೆಯಿರಿ. 60°ಯ ಆರು ಕೋನಗಳು ಸೇರಿ 360° ಆಗುವುದರಿಂದ ಅದರ ಸುತ್ತ ಆರು ನೆರೆಗೂಟಗಳಿರಬೇಕು, ಆರೂ 25 ಅಡಿಯಲ್ಲಿರಬೇಕು. ಒಂದರ ಅಳತೆ ತಪ್ಪಿದರೆ ಗುಂಡಿ ತೋಡುವ ಮೊದಲೇ ಆ ಗೂಟದ ಸಾಲನ್ನು ಮತ್ತೆ ಹಾಕಬೇಕು.